ಮೌನಕ್ಕೆ ಹಯಾ ಎಂದು ಹೆಸರಿಡಬೇಡಿ

ಶಾಲೆಗೆ ಹೋಗುವ ಹುಡುಗಿ ಬಸಿರಾದರೆ ನಮ್ಮ ಸಮಾಜಕ್ಕೆ ಗೊತ್ತಿರುವುದು ಎರಡೇ ಕೆಲಸ. ಹುಡುಗಿಯನ್ನು ಬಯ್ಯುವುದು, ವಾರ್ಡನ್ನರನ್ನು ಅಮಾನತು ಮಾಡುವುದು. 2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಬಾಲಕಿಯೊಬ್ಬಳು ಹೆತ್ತಳು. ಮೊಕದ್ದಮೆಯಾಯಿತು, ಅಮಾನತೂ ಆಯಿತು. ಅಪರಾಧಿಗೆ ಶಿಕ್ಷೆಯಾಗಲೇಬೇಕು. ಆದರೆ ಶಿಕ್ಷೆ ಬರುವುದು ಎಲ್ಲ ಮುಗಿದ ಮೇಲೆ. ಶಿಕ್ಷಣ ಮಾತ್ರ ಮೊದಲೇ ಬರಬಲ್ಲುದು.

ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. ಸಂಸ್ಕೃತಿ ಕೆಡುತ್ತದೆ ಎಂಬ ಕೂಗಿಗೆ ಬೆದರಿ 2007ರಲ್ಲಿ ಹಲವು ರಾಜ್ಯಗಳು ಅದನ್ನು ತಡೆದವು. ಕರ್ನಾಟಕವೂ ಅವುಗಳಲ್ಲೊಂದು. ಬೇರೆಲ್ಲದಕ್ಕೂ ಜಗಳವಾಡುವ ಧರ್ಮಗಳ ಹಿರಿಯರು ಇದೊಂದಕ್ಕೆ ಒಂದಾಗುತ್ತಾರೆ!

ಮಗಳು ಕೆಟ್ಟಾಳೆಂಬ ಭಯಕ್ಕೆ ಮನೆಗಳು ಕಂಡುಕೊಂಡ ಮದ್ದೆಂದರೆ ಬೇಗ ಮದುವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು. 15ರಿಂದ 19ರವರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ಬಸಿರಿನ ಭಯಕ್ಕೆ ಕಟ್ಟಿದ ತಾಳಿ, ಓದಿಸಿದ ನಿಕಾಹ್ ಎಳೆಯ ಹುಡುಗಿಗೆ ಕೊಡುವುದು ಅದೇ ಬಸಿರನ್ನು! ಊರು ಸುಮ್ಮನಿರುವುದು ಅದಕ್ಕೊಬ್ಬ ಗಂಡನಿದ್ದಾನೆಂಬ ಕಾರಣಕ್ಕೆ. ಹದಿನಾರರ ಗರ್ಭಕೋಶಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಬೈಲಕುಪ್ಪೆಯ ಸುತ್ತ ನೋಡೋಣ. ಪಿರಿಯಾಪಟ್ಟಣ, ಹುಣಸೂರುಗಳ ತಂಬಾಕು ಹೊಲ, ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋಗುವ ತಾಯ್ತಂದೆಯರು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಪ್ರಾಥಮಿಕ ಹಂತಕ್ಕೇ ನಿಲ್ಲುವ ಆಶ್ರಮ ಶಾಲೆಗಳು. ಗರ್ಭನಿರೋಧದ ಪಾಠವಿರುವುದು ಹತ್ತನೆಯ ತರಗತಿಯ ವಿಜ್ಞಾನದಲ್ಲಿ. ಏಳಕ್ಕೋ ಎಂಟಕ್ಕೋ ಶಾಲೆ ಬಿಟ್ಟ ಜೇನುಕುರುಬರ ಹುಡುಗಿಗೆ ಆ ಪುಟ ತೆರೆಯುವುದೇ ಇಲ್ಲ. ತೆರೆದವರಿಗೂ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಂದೆ ಸಾಗುವ ಮೇಷ್ಟ್ರುಗಳಿದ್ದಾರೆ.

ನಮ್ಮವರು ಹೇಳುತ್ತಾರೆ: ‘ಹಯಾ ಎಂಬುದಿಲ್ಲವೇ?’ ಅವರಿಗೆ ನಮ್ಮದೊಂದು ಮರುಪ್ರಶ್ನೆ. ಮೌಲಾನಾ ಅಶ್ರಫ್ ಅಲಿ ಥಾನವಿಯವರ ‘ಬಹಿಶ್ತಿ ಝೇವರ್’ ಉರ್ದು ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬಂದು ನೂರು ವರ್ಷ ದಾಟಿತು. ಮುಟ್ಟು, ಬಾಣಂತನ, ಗುಸ್ಲ್ ಎಲ್ಲವನ್ನೂ ಅದು ಬಿಚ್ಚಿ ಹೇಳುತ್ತದೆ. ಮದ್ರಸದಲ್ಲಿ ಬಾಲಿಗ್ ಆಗುವುದೆಂದರೇನೆಂದು ಕಲಿಸುವಾಗ ಕೆಡದ ಹಯಾ, ಶಾಲೆಯ ಕಪ್ಪುಹಲಗೆಯ ಮುಂದೆ ಕೆಡುತ್ತದೆಯೇ? ತಿಳಿಸಿದರೆ ಮಕ್ಕಳು ದಾರಿ ತಪ್ಪುತ್ತಾರೆಂಬುದೂ ಸುಳ್ಳು. ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೋ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ 2025ರಲ್ಲಿ ರಾಜ್ಯ ಸರ್ಕಾರ ಹೇಳಿತು. ಸಂತೋಷ. ಆದರೆ ಎಂಟಕ್ಕೆ ಕಾಯುವುದೇಕೆ? ಹಾಡಿಯ ಮಕ್ಕಳಿಗೆ ಆರನೆಯ ತರಗತಿಯಲ್ಲೇ, ಅವರ ವಯಸ್ಸಿಗೆ ಹೊಂದುವಷ್ಟು ಹೇಳಿ. ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಹೇಳಿ. ಬೇಡ ಎಂದರೆ ಬೇಡವೇ ಎಂಬುದು ಅವರ ಪಾಠ. ತಾಲ್ಲೂಕು ಆಸ್ಪತ್ರೆಯ ‘ಸ್ನೇಹ ಕ್ಲಿನಿಕ್’ ಯಾರಿಗಾಗಿ ಇದೆಯೆಂದು, 1098ಕ್ಕೆ ಕರೆ ಮಾಡಬಹುದೆಂದು ಗೋಡೆಯ ಮೇಲೆ ಬರೆಯಿರಿ. ಗರ್ಭಪಾತ ಕೋರಿ ಬಂದ ಅಪ್ರಾಪ್ತೆಯ ಹೆಸರನ್ನು ವೈದ್ಯರು ಪೊಲೀಸರಿಗೆ ತಿಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿರುವುದೂ ಮನೆಮನೆಗೆ ಗೊತ್ತಾಗಲಿ. ಎಲ್ಲಕ್ಕಿಂತ ಮುಖ್ಯ, ಹದಿನೆಂಟರವರೆಗೆ ಹುಡುಗಿ ಓದುತ್ತಿರಲಿ. ಹತ್ತಿರದಲ್ಲಿ ಪ್ರೌಢಶಾಲೆ, ಕಾಲೇಜು, ಬಸ್ಸು ಇರಲಿ.

ಮಸೀದಿಯ ಜಮಾಅತ್‌ಗಳಿಗೂ, ಗುಡಿ ಮಠಗಳಿಗೂ ನಮ್ಮ ವಿನಂತಿ ಒಂದೇ. ನಿಮಗೆ ಹೇಳಲು ನಾಚಿಕೆಯಾದರೆ ಹೇಳಬೇಡಿ. ಹೇಳಬಲ್ಲ ಟೀಚರಮ್ಮನಿಗೆ ಅಡ್ಡ ನಿಲ್ಲಬೇಡಿ.