ಶಿಸ್ತು ಮತ್ತು ಪೀಡನೆ: ಕ್ರೀಡಾಗುರುಗಳಲ್ಲಿ ಒಂದು ಬಿನ್ನಹ

ಕ್ರೀಡೆಯು ಶರೀರವನ್ನು ಬಲಪಡಿಸುವದರ ಜೊತೆಗೆ ಶೀಲವನ್ನೂ ರೂಪಿಸುತ್ತದೆಂಬ ಮಾತು ಪ್ರತಿವರ್ಷವೂ ಕ್ರೀಡಾಕೂಟದ ಉದ್ಘಾಟನೆಯ ದಿವಸ ನಮ್ಮ ಕಿವಿಗೆ ಬೀಳುತ್ತದೆ. ಮಾತು ಸುಳ್ಳಲ್ಲ. ಆದರೆ ಶೀಲವು ಆಟದಿಂದ ತಾನಾಗಿ ಹುಟ್ಟುವಂಥದಲ್ಲ. ಆಟ ಕಲಿಸುವವರ ನಡೆನುಡಿಯಿಂದ ಬರುವಂಥದು. ಆದುದರಿಂದ ಆಟಗಾರರನ್ನು ಹಂಗಿಸುವದು, ಹೊಡೆಯುವದು, ಹಿರಿಯ ಆಟಗಾರರು ಕಿರಿಯರನ್ನು ಕಾಡುವದು, ಹೆಣ್ಣುಮಕ್ಕಳಿಗೆ ಕಿರುಕುಳ ಕೊಡುವದು ಇವುಗಳ ಬಗ್ಗೆ ತರಬೇತುದಾರರ ಅಭಿಪ್ರಾಯವೇನೆಂಬದು ಅಲಕ್ಷಿಸತಕ್ಕ ಸಂಗತಿಯಲ್ಲ. ಅಮೀನಗಡ, ಹುನಗುಂದ, ಇಳಕಲ್ಲುಗಳಲ್ಲಿ ಕಬಡ್ಡಿ, ಖೊಖೊ, ಕುಸ್ತಿ ಕಲಿಸುವ ಕೆಲವರನ್ನು ನಾನು ಈ ಕುರಿತು ಮಾತನಾಡಿಸಿದ್ದೇನೆ. ಅವರ ಅಭಿಪ್ರಾಯಗಳು ಬಹುಮಟ್ಟಿಗೆ ಮೂರು ಬಗೆಯಾಗಿವೆ.

ಮೊದಲನೆಯದು, ದಂಡಿಸದೆ ಆಟ ಬರುವದಿಲ್ಲವೆಂಬದು. “ನಾವೂ ಏಟು ತಿಂದೇ ಕಲಿತವರು. ದಂಡಂ ದಶಗುಣಂ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ” ಎನ್ನುತ್ತಾರೆ. ಕಠಿನ ಅಭ್ಯಾಸವಿಲ್ಲದೆ ಯಾವ ಆಟವೂ ಒಲಿಯದೆಂಬದನ್ನು ನಾನೂ ಒಪ್ಪುತ್ತೇನೆ. ಬೆಳಗಿನ ಐದು ಗಂಟೆಗೆ ಎಬ್ಬಿಸುವದು ಪೀಡನೆಯಲ್ಲ. ತಪ್ಪಿದ ಪಟ್ಟನ್ನು ನೂರು ಸಲ ಹಾಕಿಸುವದೂ ಪೀಡನೆಯಲ್ಲ. ಆದರೆ ಆಟಗಾರನ ಜಾತಿಯನ್ನೊ, ಮೈಬಣ್ಣವನ್ನೊ, ತಂದೆಯ ಬಡತನವನ್ನೊ ಎತ್ತಿ ನಾಲ್ಕು ಜನರ ಮುಂದೆ ಆಡಿದ ಮಾತಿನಿಂದ ಯಾವ ಪಟ್ಟು ಸುಧಾರಿಸೀತು? ಶಿಸ್ತಿಗೂ ಪೀಡನೆಗೂ ಇರುವ ಭೇದವನ್ನು ಅಳೆಯಲು ಒಂದು ಸುಲಭವಾದ ಗಜಕಡ್ಡಿಯಿದೆ. ದಂಡನೆಯಾದ ಮೇಲೆ ತನ್ನ ತಪ್ಪು ಯಾವುದು, ಅದನ್ನು ತಿದ್ದಿಕೊಳ್ಳುವ ಬಗೆ ಹೇಗೆ ಎಂಬದು ಹುಡುಗನಿಗೆ ತಿಳಿಯಿತಾದರೆ ಅದು ಶಿಸ್ತು. ತಾನು ಕೀಳೆಂಬದೊಂದೇ ತಿಳಿಯಿತಾದರೆ ಅದು ಪೀಡನೆ.

ಎರಡನೆಯ ಅಭಿಪ್ರಾಯ, ಆಟಗಾರರ ನಡುವೆ ನಡೆಯುವದೆಲ್ಲ ಹುಡುಗಾಟವೆಂಬದು. ಹೊಸಬನಿಂದ ಬಟ್ಟೆ ಒಗೆಸುವದು, ಅಡ್ಡಹೆಸರಿಟ್ಟು ಅಳುವ ತನಕ ಕಾಡುವದು, ಇವೆಲ್ಲ ಸಹಜವಂತೆ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಈ ಹುಡುಗಾಟಕ್ಕೇ ಹೇಳಿಮಾಡಿಸಿದಂತಿದೆ. ನಮ್ಮ ಕಡೆಯ ಗರಡಿಗಳಲ್ಲಿಯೂ ಒಂದು ಮರ್ಯಾದೆಯಿತ್ತು. ದೊಡ್ಡ ಪೈಲವಾನ ಸಣ್ಣವನೊಡನೆ ಮಣ್ಣಿಗಿಳಿದಾಗ ತನ್ನ ಬಲವನ್ನು ತಗ್ಗಿಸಿ, ಅವನಿಗೆ ಮೈಕೊಟ್ಟು ಆಡಿಸಬೇಕು. ಮೀರಿದವನನ್ನು ವಸ್ತಾದರು ಹೊರಗೆ ನಿಲ್ಲಿಸುತ್ತಿದ್ದರು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೆಂಬ 12ನೆಯ ಶತಮಾನದ ಗ್ರಂಥದಲ್ಲಿಯೂ ಮಲ್ಲರ ಆಹಾರ, ವ್ಯಾಯಾಮಗಳೊಡನೆ ಅವರನ್ನು ವರ್ಗವರ್ಗವಾಗಿ ವಿಂಗಡಿಸುವ ಮಾತು ಬರುತ್ತದೆ. ಬಲವನ್ನು ಬಲದೊಡನೆ ಜೋಡಿಸಬೇಕೆಂಬ ವಿವೇಕ ಈ ನಾಡಿಗೆ ಹೊಸದಲ್ಲ. ಹಾಗೆಂದು ಗರಡಿಯ ಕಾಲವನ್ನು ನಾನು ಹಾಡಿ ಹೊಗಳಲಾರೆ. ಹೆಣ್ಣುಮಕ್ಕಳಿಗೆ ಅದರ ಬಾಗಿಲು ಮುಚ್ಚಿಯೇ ಇತ್ತು.

ಮೂರನೆಯ ಅಭಿಪ್ರಾಯದಲ್ಲಿ ಅಂಜಿಕೆಯಿದೆ. “ಈಗ ಹುಡುಗಿಯರಿಗೆ ಕಲಿಸುವದೇ ಕಷ್ಟ. ಕೈಹಿಡಿದು ತಿದ್ದಿದರೂ ದೂರು ಬಂದೀತು” ಎನ್ನುವವರಿದ್ದಾರೆ. ಇದನ್ನು ನಗೆಯಾಡಿ ತಳ್ಳಿಬಿಡುವದು ನ್ಯಾಯವಲ್ಲ. ಆದರೆ ಈ ಅಂಜಿಕೆಗೆ ಮದ್ದು ದೂರುಗಳ ಬಾಯಿ ಮುಚ್ಚುವದಲ್ಲ, ಅಭ್ಯಾಸವನ್ನು ಬಯಲಿನಲ್ಲಿ ನಡೆಸುವದು. ಮೈಮುಟ್ಟಿ ತಿದ್ದಬೇಕಾದಲ್ಲಿ ಮೊದಲು ಹೇಳಿ ಮುಟ್ಟುವದು, ಪರಸ್ಥಳಕ್ಕೆ ತಂಡ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರುವದು, ಒಬ್ಬಳನ್ನೇ ಕೋಣೆಗೆ ಕರೆಯದಿರುವದು, ಇಷ್ಟು ನಿಯಮವಿದ್ದರೆ ಸಾಕು. ಅದು ಹುಡುಗಿಯನ್ನು ಕಾಯುವಷ್ಟೇ ಪ್ರಾಮಾಣಿಕ ಗುರುವನ್ನೂ ಕಾಯುತ್ತದೆ.

ಇನ್ನು, ಪೀಡನೆಗೆ ಗುರಿಯಾದವರು ಬಾಯಿಬಿಡದಿರಲು ಕಾರಣವೇನು? ನನ್ನ ಮತದಲ್ಲಿ ಈ ವಿಷಯದ ತಿರುಳು ಇಲ್ಲಿದೆ. ತಂಡಕ್ಕೆ ಆಯ್ದುಕೊಳ್ಳುವ ಕೈ, ಪ್ರಮಾಣಪತ್ರಕ್ಕೆ ಶಿಫಾರಸು ಮಾಡುವ ಕೈ, ದೂರು ತೆಗೆದುಕೊಳ್ಳುವ ಕೈ, ಮೂರೂ ಒಂದೇ ಆಗಿರುತ್ತವೆ. ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಸಿಕ್ಕೀತೆಂದು ಹೊಲದ ಕೆಲಸ ಬಿಡಿಸಿ ಮಗಳನ್ನು ಮೈದಾನಕ್ಕೆ ಕಳಿಸಿದ ತಂದೆಯ ಮಗಳು ಆ ಕೈಯ ವಿರುದ್ಧ ಯಾರ ಮುಂದೆ ಮಾತನಾಡಬೇಕು? ಮನೆಯಲ್ಲಿ ಹೇಳಿದರೆ ಆಟವೇ ನಿಲ್ಲುತ್ತದೆ. ಮೈದಾನದಲ್ಲಿ ಹೇಳಿದರೆ ತಂಡದಿಂದ ಹೆಸರು ಹೋಗುತ್ತದೆ.

ಇದು ಕೇವಲ ನಮ್ಮ ತಾಲೂಕಿನ ಪಾಡಲ್ಲ. 2023ರ ಜನೆವರಿಯಲ್ಲಿ ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್ ಮತ್ತು ಬಜರಂಗ ಪುನಿಯಾ, ವಿಶ್ವ ಸ್ಪರ್ಧೆಗಳಲ್ಲಿ ಹೆಸರಾದ ವಿನೇಶ ಫೋಗಟ್ ದಿಲ್ಲಿಯ ಜಂತರ ಮಂತರದಲ್ಲಿ ಧರಣಿ ಕುಳಿತರು. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ಮೇಲಿನ ಆರೋಪಗಳ ನಿಜಸುಳ್ಳನ್ನು ತೀರ್ಮಾನಿಸುವದು ನ್ಯಾಯಾಲಯದ ಕೆಲಸ. ಆದರೆ ಕಾನೂನು ವಿಧಿಸಿದ ಆಂತರಿಕ ದೂರು ಸಮಿತಿ ಆ ಒಕ್ಕೂಟದಲ್ಲಿ ಇರಲಿಲ್ಲವೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಆಗ ನೋಟೀಸು ಕೊಟ್ಟಿತೆಂಬದು ಗಮನಾರ್ಹ. ಲೋಕವೇ ಬಲ್ಲ ಕ್ರೀಡಾಪಟುಗಳಿಗೆ ಬೀದಿಯೇ ದೂರಿನ ಕಚೇರಿಯಾದರೆ ನಮ್ಮೂರ ಖೊಖೊ ಹುಡುಗಿಯ ಗತಿಯೇನು? 2025ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಅಪ್ರಾಪ್ತ ಬಾಲಕಿಯೊಬ್ಬಳ ಪ್ರಕರಣದಲ್ಲಿ ಬ್ಯಾಡ್ಮಿಂಟನ್ ತರಬೇತುದಾರನೊಬ್ಬನ ಬಂಧನವಾಯಿತು. ಅದೂ ಮನೆಯವರ ಕಣ್ಣಿಗೆ ಬಿದ್ದು ಬಯಲಾದ ಸಂಗತಿ. ಅಮೇರಿಕೆಯಲ್ಲಿ ಜಿಮ್ನ್ಯಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರನಿಗೆ 2018ರಲ್ಲಿ ಶಿಕ್ಷೆಯಾಗುವಾಗ 150ಕ್ಕೂ ಹೆಚ್ಚು ಮಹಿಳೆಯರು ತಮ್ಮ ನೋವನ್ನು ನ್ಯಾಯಾಲಯದಲ್ಲಿ ಹೇಳಿಕೊಂಡರು. ಅವರಲ್ಲೊಬ್ಬಳು, 1997ರಲ್ಲಿಯೇ ತಾನು ತರಬೇತುದಾರಳಿಗೆ ತಿಳಿಸಿದ್ದೆನೆಂದೂ ಮಾತು ಅಲ್ಲಿಯೇ ನಿಂತಿತೆಂದೂ ಹೇಳಿದಳು. ಕೇಳಬೇಕಾದ ಕಿವಿ ಕೇಳದೆ ಹೋದರೆ ಆಗುವ ಅನಾಹುತ ಇಂಥದು.

ಕಾನೂನಿಗೆ ಕೊರತೆಯಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯದೆಯು ಕ್ರೀಡಾಂಗಣವನ್ನೂ ತರಬೇತಿ ಕೇಂದ್ರವನ್ನೂ ‘ಕೆಲಸದ ಸ್ಥಳ’ದಲ್ಲಿ ಸೇರಿಸಿದೆ. 18 ವರ್ಷದೊಳಗಿನವರಿಗೆ 2012ರ ಪೋಕ್ಸೊ ಕಾಯದೆಯ ರಕ್ಷಣೆಯಿದೆ. ಇಂಥ ಅಪರಾಧ ತಿಳಿದವನು ವರದಿ ಮಾಡದಿರುವದೂ ಅದರಲ್ಲಿ ಅಪರಾಧವೇ. 2025ರ ಅಗಸ್ಟಿನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯದೆಯು ಸುರಕ್ಷಿತ ಕ್ರೀಡಾ ನೀತಿಯ ಮಾತನ್ನೂ ಆಡಿದೆ. ಆದರೆ ದಿಲ್ಲಿಯ ಕಾಯದೆ ಅಮೀನಗಡದ ಮೈದಾನಕ್ಕೆ ತಾನಾಗಿ ನಡೆದು ಬರುವದಿಲ್ಲ, ನಾವೇ ಕರೆತರಬೇಕು.

ಅದಕ್ಕಾಗಿ ನನ್ನದೊಂದು ಚಿಕ್ಕ ಸೂಚನೆ. ತಂಡವನ್ನು ಆಯುವವರೇ ದೂರನ್ನು ಕೇಳಬಾರದು. ಪ್ರತಿ ಕಾಲೇಜಿನ ಆಂತರಿಕ ಸಮಿತಿಯ ಸದಸ್ಯರ ಹೆಸರು, ದೂರವಾಣಿ ಸಂಖ್ಯೆಗಳನ್ನು ಸೂಚನಾ ಫಲಕದಲ್ಲಷ್ಟೇ ಅಲ್ಲ, ಆಟದ ಸಾಮಾನಿನ ಕೋಣೆಯ ಬಾಗಿಲಿಗೂ ಅಂಟಿಸಬೇಕು. ದೂರು ಕೊಟ್ಟವರ ಆಯ್ಕೆಯನ್ನು ಆ ಸಲ ಬೇರೊಬ್ಬರು ಮಾಡಬೇಕು. ವರ್ಷಾರಂಭದಲ್ಲಿ ತರಬೇತುದಾರರು ತಾವೇ ಆಟಗಾರರನ್ನೂ ತಾಯಿತಂದೆಗಳನ್ನೂ ಕೂಡಿಸಿ ಈ ಮಾತನ್ನು ಹೇಳಿದರೆ ಅರ್ಧ ಕೆಲಸವಾದಂತೆ.

ತರಬೇತುದಾರರ ಕಷ್ಟವನ್ನು ನಾನು ಬಲ್ಲೆ. ಇಡೀ ಶಾಲೆಗೆ ಒಬ್ಬರೇ ದೈಹಿಕ ಶಿಕ್ಷಕರಿರುವ ಊರುಗಳಿವೆ. ಸ್ವಂತ ಕಿಸೆಯಿಂದ ಹುಡುಗರಿಗೆ ಬಸ್ಸಿನ ಚಾರ್ಜು ಕೊಟ್ಟವರಿದ್ದಾರೆ. ಗೆದ್ದರಷ್ಟೇ ಗೌರವವೆಂಬ ಒತ್ತಡ ಅವರ ಮೇಲಿದೆ. ಇಂಥವರ ಹೆಸರಿಗೆ ಕೆಲವರ ದುರ್ನಡತೆಯ ಮಸಿ ತಗಲಬಾರದೆಂದೇ ಈ ಬಿನ್ನಹ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಬೇಲಿ ಬೇಲಿಯಾಗಿ ನಿಂತರೆ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನಿರ್ಭಯವಾಗಿ ಮೈದಾನಕ್ಕಿಳಿದಾರು. ಗೆಲುವು ಸೋಲುಗಳನ್ನು ಆಮೇಲೆ ಎಣಿಸೋಣ.