ಆಡ್ ಬ್ಲಾಕರ್ ಹೋಯಿತು, ಬ್ರೌಸರ್ ಬದಲಿಸಬೇಕೆ?

ಕಳೆದ ವರ್ಷ ನನ್ನ ಅಕ್ಕ ಸರ್ಕಾರಿ ಹುದ್ದೆಯೊಂದಕ್ಕೆ ಅರ್ಜಿ ಹಾಕಲು ಕೂತಿದ್ದಳು. ಇಲಾಖೆಯ ಹೆಸರು ಟೈಪ್ ಮಾಡಿ ಹುಡುಕಿದಳು, ಮೊದಲು ಬಂದ ಲಿಂಕನ್ನೇ ಒತ್ತಿದಳು. ಹೆಸರು, ಮೊಬೈಲ್ ಸಂಖ್ಯೆ, ಅಂಕಗಳ ವಿವರ ಎಲ್ಲ ತುಂಬಿ 450 ರೂಪಾಯಿ ‘ಅರ್ಜಿ ಶುಲ್ಕ’ವನ್ನೂ ಕಟ್ಟಿದಳು. ರಸೀದಿ ಬರಲೇ ಇಲ್ಲ. ಸಂಜೆ ನಾನು ಕಾಲೇಜಿನಿಂದ ಬಂದು ನೋಡಿದರೆ ಅದು ಇಲಾಖೆಯ ಜಾಲತಾಣವೇ ಅಲ್ಲ. ದುಡ್ಡು ಕೊಟ್ಟು ಎಲ್ಲಕ್ಕಿಂತ ಮೇಲೆ ಕೂರಿಸಿದ್ದ ಜಾಹೀರಾತು. ‘ಸ್ಪಾನ್ಸರ್ಡ್’ ಎಂದು ಲಿಂಕಿನ ಮೇಲೆ ಬರೆದಿತ್ತು, ನಿಜ. ‘ಇಷ್ಟು ಸಣ್ಣಗೆ ಬರೆದರೆ ಯಾರಿಗೆ ಕಾಣುತ್ತೋ?’ ಎಂದಳು ಅಕ್ಕ. ನನ್ನ ಬಳಿ ಉತ್ತರ ಇರಲಿಲ್ಲ.

ಆ ರಾತ್ರಿಯೇ ಅವಳ ಲ್ಯಾಪ್‌ಟಾಪ್‌ಗೆ ‘ಯುಬ್ಲಾಕ್ ಆರಿಜಿನ್’ ಎಂಬ ಆಡ್ ಬ್ಲಾಕರ್ ಹಾಕಿಕೊಟ್ಟೆ. ಮೊನ್ನೆ ಅವಳೇ ಕೇಳಿದಳು: ‘ಅದು ಇನ್ನು ಕ್ರೋಮ್‌ನಲ್ಲಿ ನಡೆಯಲ್ಲವಂತಲ್ಲೋ, ಬ್ರೌಸರ್ ಬದಲಾಯಿಸಬೇಕಾ?’ ನಮ್ಮ ಹಾಸ್ಟೆಲ್ ಗೆಳೆಯರೂ ಇದನ್ನೇ ಕೇಳುತ್ತಿದ್ದಾರೆ. ಹೌದು ಅಥವಾ ಇಲ್ಲ ಎಂದು ಹೇಳುವ ಮೊದಲು ಏನಾಯಿತು ಎಂಬುದನ್ನು ತಿಳಿಯುವುದು ಒಳ್ಳೆಯದು.

ಕಾವಲುಗಾರನ ಕೆಲಸ ಹೋದ ಕಥೆ

ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳು ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮಾವಳಿಗೆ ‘ಮ್ಯಾನಿಫೆಸ್ಟ್’ ಎಂದು ಹೆಸರು. ಇದರ ಮೂರನೇ ಆವೃತ್ತಿಯನ್ನು ತರುವುದಾಗಿ ಗೂಗಲ್ 2018ರಲ್ಲೇ ಹೇಳಿತ್ತು. 2024ರ ಜೂನ್‌ನಿಂದ ಹಳೆಯ ಎರಡನೇ ಆವೃತ್ತಿಯ ಎಕ್ಸ್‌ಟೆನ್ಷನ್‌ಗಳನ್ನು ಹಂತಹಂತವಾಗಿ ಹೊರಹಾಕುವ ಕೆಲಸ ಶುರುವಾಯಿತು. 2025ರ ಜುಲೈ ಹೊತ್ತಿಗೆ ಸಾಮಾನ್ಯ ಬಳಕೆದಾರರ ಕ್ರೋಮ್‌ನಲ್ಲಿ ಅವು ಪೂರ್ತಿ ನಿಂತವು. 3 ಕೋಟಿಗೂ ಹೆಚ್ಚು ಬಳಕೆದಾರರಿದ್ದ ಯುಬ್ಲಾಕ್ ಆರಿಜಿನ್ ಕೂಡ ಅವುಗಳಲ್ಲಿ ಒಂದು.

ಬದಲಾದದ್ದು ಏನು ಎಂಬುದಕ್ಕೆ ನಮ್ಮ ಹಾಸ್ಟೆಲ್ ಗೇಟಿನ ಉದಾಹರಣೆ ಕೊಡುತ್ತೇನೆ. ನಾವು ಒಂದು ಪುಟ ತೆರೆದಾಗ ಬ್ರೌಸರ್ ಹತ್ತಾರು ಕಡೆಗೆ ‘ಇದನ್ನು ಕಳಿಸು, ಅದನ್ನು ಕಳಿಸು’ ಎಂದು ಕೋರಿಕೆ ಕಳಿಸುತ್ತದೆ. ಸುದ್ದಿಯ ಪಠ್ಯ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಜಾಹೀರಾತು ಮತ್ತು ನಮ್ಮ ಓಡಾಟ ಗಮನಿಸುವ ಕೋಡ್ ಮತ್ತೆಲ್ಲಿಂದಲೋ ಬರುತ್ತವೆ. ಹಳೆಯ ವ್ಯವಸ್ಥೆಯಲ್ಲಿ ಆಡ್ ಬ್ಲಾಕರ್ ಗೇಟಿನಲ್ಲಿ ನಿಂತ ವಾಚ್‌ಮನ್. ಪ್ರತಿಯೊಂದು ಕೋರಿಕೆಯನ್ನೂ ನಿಲ್ಲಿಸಿ, ನೋಡಿ, ಬಿಡಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತಿತ್ತು.

ಹೊಸ ವ್ಯವಸ್ಥೆಯಲ್ಲಿ ವಾಚ್‌ಮನ್ ಗೇಟಿನಲ್ಲಿ ನಿಂತು ತೀರ್ಮಾನ ಮಾಡುವಂತಿಲ್ಲ. ‘ಇಂಥವರನ್ನು ಒಳಗೆ ಬಿಡಬೇಡಿ’ ಎಂಬ ಪಟ್ಟಿಯನ್ನು ಮೊದಲೇ ಬರೆದು ವಾರ್ಡನ್‌ಗೆ, ಅಂದರೆ ಬ್ರೌಸರ್‌ಗೆ, ಕೊಡಬೇಕು. ಪಟ್ಟಿ ನೋಡಿ ತಡೆಯುವುದು ಬ್ರೌಸರ್. ಪಟ್ಟಿಯ ಉದ್ದಕ್ಕೂ ಮಿತಿಯಿದೆ. ಒಂದು ಎಕ್ಸ್‌ಟೆನ್ಷನ್‌ಗೆ ಖಾತ್ರಿಯಾಗಿ ಸಿಗುವುದು 30,000 ಸ್ಥಿರ ನಿಯಮಗಳು. ಅದಕ್ಕಿಂತ ಹೆಚ್ಚು ಬೇಕಾದರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಹಂಚಿಕೊಳ್ಳುವ ಒಟ್ಟು ಲೆಕ್ಕದಿಂದ ಪಡೆಯಬೇಕು. ವೇಷ ಬದಲಿಸಿ ಬರುವವರನ್ನು ಮುಖ ನೋಡಿ ಹಿಡಿಯುವುದಕ್ಕೂ ಪಟ್ಟಿ ನೋಡಿ ಹಿಡಿಯುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಯುಬ್ಲಾಕ್ ಬರೆದ ರೇಮಂಡ್ ಹಿಲ್ ಹೊಸ ನಿಯಮಗಳಿಗೆ ಹೊಂದುವ ‘ಯುಬ್ಲಾಕ್ ಆರಿಜಿನ್ ಲೈಟ್’ ಕೂಡ ಕೊಟ್ಟಿದ್ದಾರೆ. ದಿನನಿತ್ಯದ ಬಳಕೆಗೆ ಅದು ಅನೇಕರಿಗೆ ಸಾಕಾಗುತ್ತದೆ. ಆದರೆ ಹಳೆಯದರ ಎಲ್ಲ ಶಕ್ತಿ ಅದರಲ್ಲಿಲ್ಲ. ಹೆಸರೇ ಅದನ್ನು ಹೇಳುತ್ತದೆ.

ಸುರಕ್ಷತೆಯೋ, ವ್ಯಾಪಾರವೋ?

ಗೂಗಲ್ ಕೊಡುವ ಕಾರಣವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಾವು ತೆರೆಯುವ ಪ್ರತಿ ಪುಟವನ್ನೂ ನೋಡುವ ಅಧಿಕಾರ ಎಕ್ಸ್‌ಟೆನ್ಷನ್‌ಗಿದ್ದರೆ, ಕೆಟ್ಟವರ ಕೈಯಲ್ಲಿ ಅದು ಕಳ್ಳಗಣ್ಣು. ಉಪಯುಕ್ತ ಎಂದುಕೊಂಡು ಹಾಕಿಕೊಂಡ ಎಕ್ಸ್‌ಟೆನ್ಷನ್‌ಗಳೇ ಮಾಹಿತಿ ಕದ್ದ ಪ್ರಕರಣಗಳು ನಡೆದಿವೆ. ವೇಗದ ದೃಷ್ಟಿಯಿಂದಲೂ ಬ್ರೌಸರ್ ತಾನೇ ಪಟ್ಟಿ ನೋಡುವುದರಲ್ಲಿ ಲಾಭವಿದೆ.

ಆದರೆ ಇಲ್ಲೊಂದು ವಿಚಿತ್ರವಿದೆ. ಹೊಸ ನಿಯಮದಲ್ಲೂ ಅನುಮತಿ ಪಡೆದ ಎಕ್ಸ್‌ಟೆನ್ಷನ್ ಕೋರಿಕೆಗಳನ್ನು ನೋಡಬಹುದು. ಆ ಕ್ಷಣದಲ್ಲಿ ತಾನೇ ತಡೆಯುವುದಕ್ಕೆ ಮಾತ್ರ ಅವಕಾಶವಿಲ್ಲ. ಕದ್ದು ನೋಡುವವನ ಕಣ್ಣು ಹಾಗೇ ಉಳಿಯಿತು, ಕಾಯುವವನ ಕೈ ಕಟ್ಟಿತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಈ ಬದಲಾವಣೆಯನ್ನು 2021ರಲ್ಲೇ ಕಟುವಾಗಿ ಟೀಕಿಸಿತ್ತು. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆದಾಯದಲ್ಲಿ ಸುಮಾರು ಮುಕ್ಕಾಲು ಭಾಗ ಬರುವುದು ಜಾಹೀರಾತಿನಿಂದ. ಜಾಹೀರಾತು ಮಾರುವವರೇ ಬ್ರೌಸರನ್ನೂ ಮಾಡುತ್ತಾರೆ, ಜಾಹೀರಾತು ತಡೆಯುವ ಸಾಧನ ಎಷ್ಟು ಬಲವಾಗಿರಬಹುದು ಎಂಬ ನಿಯಮವನ್ನೂ ಬರೆಯುತ್ತಾರೆ. ಉದ್ದೇಶ ಒಳ್ಳೆಯದೇ ಇರಲಿ, ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದರೆ ಅಂಕದ ಮೇಲೆ ಅನುಮಾನ ಬರುತ್ತದೆ.

ಆಡ್ ಬ್ಲಾಕರ್ ಎಂದರೆ ಪುಕ್ಕಟೆ ಸಿನಿಮಾ ನೋಡುವವರ ಹಟ ಎಂದು ಕೆಲವರು ಹಗುರವಾಗಿ ಮಾತಾಡುತ್ತಾರೆ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಸಾರ್ವಜನಿಕರಿಗೆ ಒಂದು ಎಚ್ಚರಿಕೆ ಕೊಟ್ಟಿತು. ವಂಚಕರು ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತು ಕೊಟ್ಟು, ಅಸಲಿಯಂತೆ ಕಾಣುವ ನಕಲಿ ಜಾಲತಾಣಗಳಿಗೆ ಜನರನ್ನು ಎಳೆಯುತ್ತಿದ್ದಾರೆ. ಆದ್ದರಿಂದ ಹುಡುಕುವಾಗ ಆಡ್ ಬ್ಲಾಕರ್ ಬಳಸಿ ಎಂಬ ಸಲಹೆ ಅದರಲ್ಲಿತ್ತು. ಓದಿದಾಗ ಅಕ್ಕನ 450 ರೂಪಾಯಿ ನೆನಪಾಯಿತು. ನೇಮಕಾತಿ, ಹಾಲ್ ಟಿಕೆಟ್, ಫಲಿತಾಂಶ, ವಿದ್ಯಾರ್ಥಿವೇತನ ಎಂದು ದಿನವೂ ಹುಡುಕುವವರು ನಾವೇ. ಕೊನೆಯ ದಿನಾಂಕದ ಗಡಿಬಿಡಿಯಲ್ಲಿ ಮೊದಲ ಲಿಂಕ್ ಒತ್ತುವವರೂ ನಾವೇ.

ಪತ್ರಿಕೆಯ ಜಾಹೀರಾತಿಗೂ ಇದಕ್ಕೂ ಏನು ವ್ಯತ್ಯಾಸ?

ಇದನ್ನು ಬರೆಯುವಾಗ ನನಗೇ ಒಂದು ಮುಜುಗರವಿದೆ. ನೀವು ಓದುತ್ತಿರುವ ಈ ಪತ್ರಿಕೆಯೂ ಜಾಹೀರಾತು ಇಲ್ಲದೆ ನಡೆಯುವುದಿಲ್ಲ. ಕನ್ನಡದ ಸುದ್ದಿ ತಾಣಗಳು, ಯೂಟ್ಯೂಬ್‌ನಲ್ಲಿ ನಮಗೆ ಗಣಿತ ಹೇಳಿಕೊಡುವ ಮೇಷ್ಟ್ರುಗಳು ಬದುಕುವುದೂ ಅದರಿಂದಲೇ. ಎಲ್ಲರೂ ಎಲ್ಲ ಜಾಹೀರಾತನ್ನೂ ತಡೆದರೆ ಕೊನೆಗೆ ಉಳಿಯುವುದು ಚಂದಾ ಕಟ್ಟುವ ಶಕ್ತಿ ಇರುವವರ ಇಂಟರ್ನೆಟ್.

ಆದರೂ ವ್ಯತ್ಯಾಸವಿದೆ. ಪತ್ರಿಕೆಯಲ್ಲಿ ಸೀರೆ ಅಂಗಡಿಯ ಜಾಹೀರಾತನ್ನು ನಾವು ನೋಡುತ್ತೇವೆ, ಅದು ನಮ್ಮನ್ನು ನೋಡುವುದಿಲ್ಲ. ಪುಟ ತಿರುಗಿಸಿದರೆ ಹಿಂದೆಯೇ ಬರುವುದಿಲ್ಲ, ಮೊಬೈಲ್ ಡೇಟಾ ತಿನ್ನುವುದಿಲ್ಲ, ‘ಡೌನ್‌ಲೋಡ್’ ಬಟನ್‌ನ ವೇಷ ಹಾಕುವುದಿಲ್ಲ. ನನ್ನ ತಕರಾರು ಜಾಹೀರಾತಿನ ಮೇಲಲ್ಲ, ಬೆನ್ನಟ್ಟುವುದು ಮತ್ತು ಮೋಸ ಮಾಡುವುದರ ಮೇಲೆ. ಹಾಗಾಗಿ ನಂಬಿಕೆಯ ತಾಣಗಳಲ್ಲಿ ನಾನು ಬ್ಲಾಕರ್ ಆಫ್ ಮಾಡುತ್ತೇನೆ. ಅದು ಒಂದೇ ಕ್ಲಿಕ್‌ನ ಕೆಲಸ. ಯಾರಿಗೆ ಬಾಗಿಲು ತೆರೆಯಬೇಕು ಎಂಬ ಆಯ್ಕೆ ಮನೆಯವರ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ವಾದ.

ಬದಲಿಸುವುದಾದರೆ ಎಲ್ಲಿಗೆ?

ಜಗತ್ತಿನಲ್ಲಿ ಸುಮಾರು ಮೂರನೇ ಎರಡರಷ್ಟು ಬ್ರೌಸಿಂಗ್ ನಡೆಯುವುದು ಕ್ರೋಮ್‌ನಲ್ಲಿ. ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಎಂದು ಬೇರೆ ಬೇರೆ ಹೆಸರುಗಳಿದ್ದರೂ ಒಳಗಿರುವುದು ಗೂಗಲ್ ಮುನ್ನಡೆಸುವ ಕ್ರೋಮಿಯಮ್. ಅದರ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ಓದಬಹುದು, ಬದಲಿಸಿಕೊಳ್ಳಬಹುದು. ಆದರೆ ಗೂಗಲ್ ತೆಗೆದುಹಾಕಿದ್ದನ್ನು ಉಳಿಸಿಕೊಂಡು ಹೋಗುವುದು ಸಣ್ಣ ಕಂಪನಿಗಳಿಗೆ ಪ್ರತಿ ಆವೃತ್ತಿಗೂ ಬೀಳುವ ಹೊರೆ. ಬ್ರೇವ್ ಜಾಹೀರಾತು ತಡೆಯುವ ಸಾಧನವನ್ನು ಬ್ರೌಸರ್‌ನ ಒಳಗೇ ಕಟ್ಟಿಕೊಂಡಿರುವುದರಿಂದ ಅದಕ್ಕೆ ಈ ಎಕ್ಸ್‌ಟೆನ್ಷನ್ ನಿಯಮದ ತೊಂದರೆ ಇಲ್ಲ.

ಬೇರೆಯೇ ಎಂಜಿನ್ ಇರುವುದು ಫೈರ್‌ಫಾಕ್ಸ್‌ನಲ್ಲಿ. ಅದು ಹೊಸ ನಿಯಮಾವಳಿಯ ಜೊತೆಗೆ ಹಳೆಯ ತಡೆಯುವ ಅಧಿಕಾರವನ್ನೂ ಉಳಿಸಿಕೊಂಡಿದೆ, ಯುಬ್ಲಾಕ್ ಆರಿಜಿನ್ ಅಲ್ಲಿ ಪೂರ್ತಿಯಾಗಿ ನಡೆಯುತ್ತದೆ. ನಮ್ಮಂಥವರಿಗೆ ಇನ್ನೂ ಮುಖ್ಯವಾದದ್ದೆಂದರೆ ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಅದು ಸಿಗುತ್ತದೆ. ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕುವ ಸೌಲಭ್ಯ ಮೊದಲಿನಿಂದಲೂ ಇಲ್ಲ. ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಅರ್ಜಿ ತುಂಬುವ ಗೆಳೆಯರು ಇದನ್ನು ಗಮನಿಸಬೇಕು.

ಹಾಗೆಂದು ಫೈರ್‌ಫಾಕ್ಸ್ ಪೂರ್ತಿ ಸ್ವತಂತ್ರ ಎಂದುಕೊಳ್ಳುವ ಹಾಗಿಲ್ಲ. ಅದನ್ನು ರೂಪಿಸುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದು ಗೂಗಲ್‌ನಿಂದಲೇ. ಗೂಗಲ್ ಸರ್ಚನ್ನು ಮೊದಲ ಆಯ್ಕೆಯಾಗಿ ಇಟ್ಟಿದ್ದಕ್ಕೆ ಸಿಗುವ ಹಣ ಅದು. ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಆದರೆ 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಕ್ರೋಮ್ ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ಅವರು ಒಪ್ಪಲಿಲ್ಲ. ಅಂದರೆ ನ್ಯಾಯಾಲಯ ಬಂದು ನಮ್ಮ ಬ್ರೌಸರ್ ಬದಲಿಸಿಕೊಡುವುದಿಲ್ಲ.

ಅಕ್ಕನಿಗೆ ನಾನು ಕೊಟ್ಟ ಸಲಹೆ ಇಷ್ಟು: ಫೈರ್‌ಫಾಕ್ಸ್ ಹಾಕಿಕೋ. ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದ ತರುವ ವ್ಯವಸ್ಥೆ ಅದರಲ್ಲೇ ಇದೆ, ಹತ್ತು ನಿಮಿಷದ ಕೆಲಸ. ಕ್ರೋಮನ್ನು ತೆಗೆಯಬೇಡ; ಕೆಲವು ಆನ್‌ಲೈನ್ ಪರೀಕ್ಷೆಗಳು, ಪ್ಲೇಸ್‌ಮೆಂಟ್ ಟೆಸ್ಟ್‌ಗಳು ಅದನ್ನೇ ಕೇಳುತ್ತವೆ. ಆಡ್ ಬ್ಲಾಕರ್ ಹಾಕುವಾಗ ಬರೆದವರ ಹೆಸರು ನೋಡು, ಹೆಸರು ಕದ್ದ ನಕಲಿಗಳೂ ಇರುತ್ತವೆ. ಯಾವ ಬ್ರೌಸರ್ ಆದರೂ ದುಡ್ಡು ಕಟ್ಟುವ ಮೊದಲು ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ಓದು.

ಅಕ್ಕ ಬದಲಿಸಿಕೊಂಡಳು. ಈಗ ಅಧಿಸೂಚನೆಯಲ್ಲಿ ಅಚ್ಚಾದ ವಿಳಾಸವನ್ನೇ ಅಕ್ಷರ ಅಕ್ಷರ ನೋಡಿ ಟೈಪ್ ಮಾಡುತ್ತಾಳೆ. ಹೋದ ತಿಂಗಳು ಮತ್ತೊಂದು ಹುದ್ದೆಗೆ ಅರ್ಜಿ ಹಾಕಿದಳು. ಈ ಸಲ ರಸೀದಿ ಬಂತು.