ಗಲ್ಫ್ ಗಾಡಿ ಊರಿಗೆ ಬರುವುದಿಲ್ಲ: ಅಡ್ವಾನ್ಸ್ ಕೊಡುವ ಮುನ್ನ ಯೋಚಿಸಿ



ಲೋಕಿಕೆರೆಯಲ್ಲಿ ನಮ್ಮ ನಾನಿಯ ಮನೆ ಮುಂದೆ ಮಾಮು ಒಂದು ಶೆಡ್ ಕಟ್ಟಿಸಿದ್ದಾರೆ. ತಗಡಿನ ಹೊದಿಕೆ, ಸಿಮೆಂಟಿನ ನೆಲ, ಅಗಲವಾದ ಗೇಟು. ಈಗ ಅದರೊಳಗೆ ಮೆಕ್ಕೆಜೋಳದ ಚೀಲಗಳೂ ನಾನಿಯ ಎರಡು ಮೇಕೆಗಳೂ ಇವೆ. ಆದರೆ ಶೆಡ್ ಕಟ್ಟಿಸಿದ್ದು ಒಂದು ಕಾರಿಗಾಗಿ. ಆ ಕಾರು ಸೌದಿಯ ದಮ್ಮಾಮ್‌ನಲ್ಲಿದೆ. ಅದು ಊರಿಗೆ ಬರುವುದಿಲ್ಲ.

ಮಾಮು ಹದಿನಾಲ್ಕು ವರ್ಷದಿಂದ ಅಲ್ಲಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅಪಘಾತವಾಗಿದ್ದ ಒಂದು ಟೊಯೋಟಾ ಪ್ರಾಡೊವನ್ನು ಕಡಿಮೆ ಬೆಲೆಗೆ ತೆಗೆದುಕೊಂಡು, ರಜೆಯ ದಿನಗಳಲ್ಲಿ ಎರಡು ವರ್ಷ ಕೂತು ತಾವೇ ರಿಪೇರಿ ಮಾಡಿದರು. ಅಲ್ಲಿಯೇ ಮಾರಿದರೆ ನಮ್ಮ ಲೆಕ್ಕದಲ್ಲಿ ಸುಮಾರು 20 ಲಕ್ಷ ರೂಪಾಯಿ ಬರುತ್ತದಂತೆ. ಆದರೆ ಮಾರುವ ಮನಸ್ಸು ಅವರಿಗಿರಲಿಲ್ಲ. ಈ ವರ್ಷ ಕೆಲಸ ಬಿಟ್ಟು ಊರಿಗೆ ಬರುವವರು, ಗಾಡಿಯನ್ನೂ ಹಡಗಿಗೆ ಹಾಕಿ ತರೋಣ ಎಂದುಕೊಂಡಿದ್ದರು. ಪರಿಚಯದವರ ಮೂಲಕ ಒಬ್ಬ ಏಜೆಂಟ್ ಸಿಕ್ಕಿದ. "ಎಲ್ಲ ಕ್ಲಿಯರ್ ಮಾಡಿಸಿ ಕೆಎ-17 ನಂಬರ್ ಹಾಕಿಸಿ ಕೊಡ್ತೀನಿ" ಎಂದ. ಅರವತ್ತು ಸಾವಿರ ಅಡ್ವಾನ್ಸ್ ಪಡೆದ. ಆಮೇಲೆ ಫೋನ್ ಎತ್ತಲಿಲ್ಲ.

"ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಕಸ್ಟಮ್ಸ್ ಲೆಕ್ಕ ಸ್ವಲ್ಪ ನೋಡಿ ಹೇಳು" ಎಂದು ಮಾಮು ವಾಟ್ಸಾಪಿನಲ್ಲಿ ಕೇಳಿದಾಗಲೇ ನಾನು ಇದನ್ನು ಓದಲು ಶುರು ಮಾಡಿದ್ದು. ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿ ಅಣ್ಣ, ಚಾಚಾ, ಮಾಮು ಯಾರಾದರೊಬ್ಬರು ಗಲ್ಫ್‌ನಲ್ಲಿದ್ದಾರೆ. ಹಾಗಾಗಿ ನನಗೆ ತಿಳಿದದ್ದನ್ನೂ ನನ್ನ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ತಪ್ಪು ತಿಳಿವಳಿಕೆ ಎಂದರೆ, ಊರಿಗೆ ಮರಳುವವರು ಟಿವಿ, ಫ್ರಿಜ್ ತರುವ ಹಾಗೆ ಕಾರನ್ನೂ ತರಬಹುದು ಎಂಬುದು. ಇದು ಸಾಧ್ಯವಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲೇ ಪ್ರಯಾಣಿಕರ ಲಗೇಜು ಎಂದರೆ ಏನು ಎಂದು ಹೇಳಿದ್ದಾರೆ. ಅದರಲ್ಲಿ ಮೋಟಾರು ವಾಹನ ಸೇರುವುದಿಲ್ಲ ಎಂದು ಸ್ಪಷ್ಟವಾಗಿದೆ. ಹದಿನಾಲ್ಕು ವರ್ಷ ದುಡಿದು ಬಂದರೂ ಕಾರಿಗೆ ಲಗೇಜಿನ ರಿಯಾಯಿತಿ ಇಲ್ಲ.

ಎರಡನೆಯದು, ಹಳೆಯ ಗಾಡಿ ತರಲು ಇರುವ ಷರತ್ತುಗಳು. ಇವು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿವೆ. ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು. ಹೆಡ್‌ಲೈಟು ಎಡಗಡೆ ಓಡಿಸುವ ರಸ್ತೆಗೆ ಹೊಂದುವಂತಿರಬೇಕು. ತಂದ ಮೇಲೆ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿರಬೇಕು. ಹಡಗು ಹತ್ತುವ ಮೊದಲೇ ಆ ದೇಶದಲ್ಲಿ ತಪಾಸಣೆಯ ಪ್ರಮಾಣಪತ್ರ ಪಡೆಯಬೇಕು. ಇಳಿಸುವುದು ಮುಂಬೈ ಬಂದರಿನಲ್ಲಿ ಮಾತ್ರ, ನಮಗೆ ಹತ್ತಿರದ ಮಂಗಳೂರಿನಲ್ಲಲ್ಲ. ಇಳಿದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ ಆಗಬೇಕು.

ಮಾಮು ಅವರ ಗಾಡಿಗೆ ಏಳು ವರ್ಷ ಆಗಿದೆ. ಅದಕ್ಕಿಂತ ಮುಖ್ಯವಾಗಿ, ಸೌದಿಯಲ್ಲಿ ಬಲಗಡೆ ಓಡಿಸುತ್ತಾರೆ, ಸ್ಟೇರಿಂಗ್ ಎಡಗಡೆ ಇರುತ್ತದೆ. ದುಬೈ, ಕತಾರ್, ಕುವೈತ್, ಒಮಾನ್, ಬಹ್ರೇನ್ ಎಲ್ಲೆಡೆ ಹೀಗೆಯೇ. ಅಂದರೆ ನಮ್ಮವರು ದುಡಿಯಲು ಹೋಗುವ ದೇಶಗಳಲ್ಲಿ ಅವರು ದಿನಾ ಓಡಿಸುವ ಗಾಡಿ ಮೊದಲ ಷರತ್ತುಗಳಲ್ಲೇ ಬಿದ್ದುಹೋಗುತ್ತದೆ. ಸುಂಕದ ಲೆಕ್ಕದವರೆಗೆ ಹೋಗುವ ಅಗತ್ಯವೇ ಇಲ್ಲ. ಈ ಒಂದು ಸಾಲನ್ನು ಮಾಮುಗೆ ಯಾರಾದರೂ ಮೊದಲೇ ಹೇಳಿದ್ದರೆ ಅರವತ್ತು ಸಾವಿರ ಉಳಿಯುತ್ತಿತ್ತು.

"ಕೇರಳದಲ್ಲಿ ದುಬೈ ನಂಬರಿನ ಗಾಡಿ ಓಡಾಡ್ತವಲ್ಲ, ಅದು ಹೇಗೆ?" ಎಂದು ಮಾಮು ಕೇಳಿದರು. ಒಳ್ಳೆಯ ಪ್ರಶ್ನೆ. ಅವು ಕಾರ್ನೆಟ್ ಎಂಬ ಕಾಗದದ ಮೇಲೆ ಬರುತ್ತವೆ. ಅದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ವಿದೇಶದ ಆಟೋಮೊಬೈಲ್ ಸಂಘದಲ್ಲಿ ಭದ್ರತಾ ಹಣ ಇಟ್ಟು ಪಡೆಯಬೇಕು. ಸುಂಕ ಕಟ್ಟದೆ ಆರು ತಿಂಗಳು ಇಲ್ಲಿ ಓಡಿಸಿ, ನಂತರ ಗಾಡಿಯನ್ನು ದೇಶದಿಂದ ಹೊರಗೆ ಒಯ್ಯಲೇಬೇಕು. ಇಲ್ಲಿ ಮಾರುವಂತಿಲ್ಲ. ಅದು ಪ್ರವಾಸಿಗಳಿಗೆ ಮಾಡಿದ ವ್ಯವಸ್ಥೆ, ಮನೆಗೆ ಮರಳುವವರಿಗಲ್ಲ.

ಈಗ ಖರ್ಚಿನ ಲೆಕ್ಕ ನೋಡೋಣ. ನಮ್ಮ ಗಾಡಿ ಎಲ್ಲ ಷರತ್ತಿಗೂ ಹೊಂದುತ್ತದೆ, ಸಾಗಣೆ ಮತ್ತು ವಿಮೆ ಸೇರಿ ಕಸ್ಟಮ್ಸ್‌ನವರು ಹಿಡಿಯುವ ಬೆಲೆ 20 ಲಕ್ಷ ಎಂದು ಇಟ್ಟುಕೊಳ್ಳಿ. ಗಮನಿಸಿ, ನಿಮ್ಮ ರಸೀದಿಯ ಬೆಲೆಯನ್ನೇ ಅವರು ಒಪ್ಪಬೇಕೆಂದಿಲ್ಲ. ಗಾಡಿ ಹೊಸದಿದ್ದಾಗಿನ ಬೆಲೆ ತೆಗೆದುಕೊಂಡು, ಮೂರು ಮೂರು ತಿಂಗಳಿಗೆ ಇಷ್ಟು ಎಂದು ಸವಕಳಿ ಕಳೆಯುತ್ತಾರೆ. ನಾವು ಅಕೌಂಟೆನ್ಸಿಯಲ್ಲಿ ಕಲಿಯುವ ಡಿಪ್ರಿಸಿಯೇಷನ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಳೆಯ ಕಾರಿಗೆ 2025ರ ಬಜೆಟ್ಟಿನ ನಂತರ ಮೂಲ ಸುಂಕ ಶೇ 70, ಕೃಷಿ ಮೂಲಸೌಕರ್ಯ ಸೆಸ್ ಶೇ 67.5. ಎರಡೂ ಸೇರಿ ಶೇ 137.5. ಬಜೆಟ್ ದಿನ "ಕಾರಿನ ಸುಂಕ ಇಳಿಯಿತು" ಎಂದು ಸುದ್ದಿ ಬಂದಿತ್ತು. ಮೂಲ ಸುಂಕ ಶೇ 125ರಿಂದ ಇಳಿದದ್ದು ನಿಜ, ಆದರೆ ಸೆಸ್ ಸೇರಿಸಿದಾಗ ಒಟ್ಟು ಮೊತ್ತ ಮೊದಲಿನಷ್ಟೇ. 20 ಲಕ್ಷಕ್ಕೆ ಶೇ 137.5 ಎಂದರೆ 27.5 ಲಕ್ಷ. ಗಾಡಿಯ ಬೆಲೆ 47.5 ಲಕ್ಷ ಆಯಿತು. ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ 40. ಅದು 19 ಲಕ್ಷ. ಒಟ್ಟು 66.5 ಲಕ್ಷ. ತೆರಿಗೆಯ ಮೇಲೂ ತೆರಿಗೆ ಬೀಳುವುದನ್ನು ಗಮನಿಸಿ.

ಇನ್ನು ದಾವಣಗೆರೆ ಆರ್‌ಟಿಒ ಕಚೇರಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಹೊಸ ಗಾಡಿಯ ದರದಲ್ಲೇ ಲೆಕ್ಕ ಹಾಕಿದರೆ ಇದು 13 ಲಕ್ಷ ದಾಟುತ್ತದೆ. ಕೊನೆಗೆ 20 ಲಕ್ಷದ ಗಾಡಿ ಶೆಡ್ಡಿಗೆ ಬರುವಾಗ 80 ಲಕ್ಷದ ಹತ್ತಿರ. ಪರೀಕ್ಷೆಯ ಖರ್ಚು, ಬಂದರಿನ ಬಾಡಿಗೆ, ವಿಮೆ ಇದರಲ್ಲಿ ಸೇರಿಲ್ಲ. ಈ ಲೆಕ್ಕ ಓದಿ ಮಾಮು ನಕ್ಕರು. "ಇಷ್ಟು ದುಡ್ಡಿದ್ದಿದ್ದರೆ ನಾನ್ಯಾಕೆ ದಮ್ಮಾಮ್‌ಗೆ ಬರ್ತಿದ್ದೆ?" ಎಂದರು.

ಹಳೆಯದು ಬೇಡ, ಹೊಸದನ್ನೇ ತರೋಣ ಎಂದರೆ ಅದಕ್ಕೂ ಷರತ್ತುಗಳಿವೆ. ಯಾವ ದೇಶದಲ್ಲೂ ನೋಂದಣಿ ಆಗಿರಬಾರದು, ಮೊದಲು ಮಾರಾಟವಾಗಿರಬಾರದು. ಒಂದು ದಿನ ಅಲ್ಲಿ ನಂಬರ್ ಹಾಕಿಸಿ ಓಡಿಸಿದರೂ ಅದು ಹಳೆಯ ಗಾಡಿಯೇ. ಬೆಲೆ 40,000 ಡಾಲರ್ ದಾಟಿದರೆ ಹೊಸದಕ್ಕೂ ಸುಂಕ, ಸೆಸ್ ಸೇರಿ ಶೇ 110. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಆದ ವ್ಯಾಪಾರ ಒಪ್ಪಂದದಲ್ಲಿ ಕಾರಿನ ಸುಂಕವನ್ನು ಕೋಟಾದ ಮಿತಿಯೊಳಗೆ ಹಂತ ಹಂತವಾಗಿ ಶೇ 10ಕ್ಕೆ ಇಳಿಸುವ ಮಾತಿದೆ. ಅದು ಅಲ್ಲಿ ತಯಾರಾಗುವ ಕಾರುಗಳಿಗೆ. ನಮ್ಮ ಮಾಮುವಿನಂಥವರಿಗೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಈ ಕಾನೂನು ಅನ್ಯಾಯವೇ? ಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಪೂರ್ತಿ ಹಾಗನ್ನಿಸುವುದಿಲ್ಲ. ಮೂರು ವರ್ಷದ ಮಿತಿ ಇಲ್ಲದಿದ್ದರೆ ಬೇರೆ ದೇಶಗಳು ಬೇಡವೆಂದು ಬಿಟ್ಟ ಹೊಗೆಯುಗುಳುವ ಗಾಡಿಗಳೆಲ್ಲ ನಮ್ಮ ಬಂದರಿಗೆ ಬರುತ್ತವೆ. ಎಡಗಡೆ ಸ್ಟೇರಿಂಗಿನ ಗಾಡಿಯಲ್ಲಿ ಕೂತು ನಮ್ಮ ಹೆದ್ದಾರಿಯಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡುವುದನ್ನು ಊಹಿಸಿ. ಎದುರಿನಿಂದ ಏನು ಬರುತ್ತಿದೆ ಎಂದು ಚಾಲಕನಿಗೆ ಕಾಣುವುದೇ ಇಲ್ಲ. ಸುಂಕದ ಹಿಂದೆಯೂ ಒಂದು ಕಾರಣವಿದೆ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ನಮ್ಮ ರಾಜ್ಯದ ಸಾವಿರಾರು ಜನ ದುಡಿಯುತ್ತಾರೆ. ಕಾರ್ಖಾನೆ ಮುಚ್ಚಿದರೆ ಊರು ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿದ್ದನ್ನು, ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತದ್ದನ್ನು ನಮ್ಮ ಹಿರಿಯರು ಕಣ್ಣಾರೆ ನೋಡಿದ್ದಾರೆ.

ಆದ್ದರಿಂದ ನನ್ನ ತಕರಾರು ನಿಯಮದ ಬಗ್ಗೆ ಅಲ್ಲ, ಎರಡು ಬೇರೆ ವಿಷಯಗಳ ಬಗ್ಗೆ.

ಒಂದು, ನಿಯಮ ಎಲ್ಲರಿಗೂ ಒಂದೇ ಇರಬೇಕು. ಸಚಿನ್ ತೆಂಡೂಲ್ಕರ್ ಅವರಿಗೆ ಉಡುಗೊರೆಯಾಗಿ ಬಂದ ಫೆರಾರಿ ಕಾರಿಗೆ 2003ರಲ್ಲಿ ಸರ್ಕಾರ ಒಂದು ಕೋಟಿಗೂ ಹೆಚ್ಚಿನ ಸುಂಕವನ್ನು ಮನ್ನಾ ಮಾಡಲು ಹೊರಟಿತ್ತು. ಜನ ಪ್ರಶ್ನೆ ಮಾಡಿದರು, ವಿಷಯ ಕೋರ್ಟಿಗೂ ಹೋಯಿತು. ಕೊನೆಗೆ ಕಾರು ಕೊಟ್ಟ ಕಂಪನಿಯೇ ಸುಂಕ ಕಟ್ಟಿತು. ಅದು ಸರಿಯಾಯಿತು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನೋಂದಣಿಯಲ್ಲಿ ಓಡುತ್ತಿದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳಿಗೆ ಸಾರಿಗೆ ಇಲಾಖೆ 38 ಲಕ್ಷಕ್ಕೂ ಹೆಚ್ಚು ತೆರಿಗೆ ವಸೂಲಿ ಮಾಡಿತು. ಅದೂ ಸರಿಯೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭೂತಾನ್ ಮೂಲಕ ತಂದು ಸುಳ್ಳು ದಾಖಲೆಯಲ್ಲಿ ನೋಂದಣಿ ಮಾಡಿಸಿದ ಐಷಾರಾಮಿ ಕಾರುಗಳನ್ನು ಹುಡುಕಿ ಕಸ್ಟಮ್ಸ್‌ನವರು ಕೇರಳದಲ್ಲಿ ಶೋಧ ನಡೆಸಿ, ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ವಶಕ್ಕೆ ಪಡೆದರು. ದೊಡ್ಡವರ ಮನೆ ಬಾಗಿಲಿಗೂ ಕಾನೂನು ಹೋದಾಗ ಮಾತ್ರ ಮಾಮುವಿನಂಥವರು "ನನಗೂ ಇದೇ, ಅವರಿಗೂ ಇದೇ" ಎಂದು ಒಪ್ಪಿಕೊಳ್ಳುತ್ತಾರೆ.

ಎರಡು, ನಿಯಮ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕು. ಷರತ್ತು ಒಂದು ಇಲಾಖೆಯದು, ಸುಂಕ ಇನ್ನೊಂದರದು, ಪರೀಕ್ಷೆ ಮತ್ತೊಂದರದು, ರಸ್ತೆ ತೆರಿಗೆ ರಾಜ್ಯದ್ದು. ನಾಲ್ಕೂ ಕಡೆಯ ಕಾಗದ ಜೋಡಿಸಿ ಓದಲು ನನಗೆ ಹತ್ತು ದಿನ ಬೇಕಾಯಿತು. ನಮ್ಮ ಉಪನ್ಯಾಸಕರು ಕೂತು ಬಿಡಿಸಿ ಹೇಳದಿದ್ದರೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಏಳನೇ ತರಗತಿ ಓದಿದ ಮಾಮು ಏನು ಮಾಡಬೇಕು? ಏಜೆಂಟನ ಬಂಡವಾಳವೇ ಈ ಕತ್ತಲು. ವಿದೇಶದಿಂದ ಮರಳುವವರಿಗೆ ಏನು ತರಬಹುದು, ಏನು ತರಬಾರದು, ಯಾವುದಕ್ಕೆ ಎಷ್ಟು ಸುಂಕ ಎಂಬ ಒಂದು ಪುಟದ ಕನ್ನಡ ಮಾಹಿತಿಯನ್ನು ಆರ್‌ಟಿಒ ಕಚೇರಿಯಲ್ಲೂ ಪಾಸ್‌ಪೋರ್ಟ್ ಕೊಡುವ ಕಡೆಯಲ್ಲೂ ಅಂಟಿಸಿದರೆ ಸರ್ಕಾರಕ್ಕೆ ಆಗುವ ಖರ್ಚು ಎಷ್ಟು? ಒಬ್ಬ ಕಾರ್ಮಿಕನಿಗೆ ಉಳಿಯುವ ಹಣ ಎಷ್ಟು?

ಕೊನೆಯದಾಗಿ ನಮ್ಮ ಬಗ್ಗೆಯೂ ಒಂದು ಮಾತು. ಗಲ್ಫ್‌ನಿಂದ ಬಂದವನು ಏನಾದರೂ ದೊಡ್ಡದನ್ನು ತರಬೇಕು ಎಂಬ ನಿರೀಕ್ಷೆ ಹುಟ್ಟಿಸಿದವರು ನಾವೇ. "ಏನ್ ತಂದೆ?" ಎಂದು ಕೇಳುತ್ತೇವೆಯೇ ಹೊರತು "ಹೇಗಿದ್ದೀಯ?" ಎಂದು ಕೇಳುವುದಿಲ್ಲ. ಮಾಮುವಿಗೆ ಕಾರಿನ ಮೇಲೆ ಪ್ರೀತಿ ಇದ್ದದ್ದು ನಿಜ. ಊರವರ ಮುಂದೆ ಬರಿಗೈಯಲ್ಲಿ ಇಳಿಯಬಾರದು ಎಂಬ ಸಂಕೋಚವೂ ಅಷ್ಟೇ ನಿಜ. ಆ ಸಂಕೋಚವೇ ಅವರನ್ನು ಏಜೆಂಟನ ಹತ್ತಿರ ಕರೆದೊಯ್ದದ್ದು. ಅಡ್ಡದಾರಿಯಲ್ಲಿ ಬಂದ ಗಾಡಿಯನ್ನು ಯಾವ ದಿನ ಬೇಕಾದರೂ ಜಪ್ತಿ ಮಾಡಬಹುದು. ಅದರಲ್ಲಿ ಕೂತು ಮಸೀದಿಗೆ ಹೋದರೂ ಮದುವೆಗೆ ಹೋದರೂ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಯೋಚನೆಯಲ್ಲಿದ್ದರೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ. ಸ್ಟೇರಿಂಗ್ ಯಾವ ಕಡೆ? ಗಾಡಿ ತಯಾರಾಗಿ ಎಷ್ಟು ವರ್ಷ? ಒಟ್ಟು ತೆರಿಗೆ ಸೇರಿ ಎಷ್ಟಾಗುತ್ತದೆ? ಹಣ ಕೇಳುವವನು ಬರವಣಿಗೆಯಲ್ಲಿ ರಸೀದಿ ಕೊಡುತ್ತಾನೆಯೇ? ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಒಂದು ರೂಪಾಯಿ ಕೊಡಬೇಡಿ.

ಮಾಮು ಗಾಡಿಯನ್ನು ದಮ್ಮಾಮ್‌ನಲ್ಲೇ ಮಾರಲು ಒಪ್ಪಿದ್ದಾರೆ. ಆ ಹಣದಲ್ಲಿ ನಾನಿಯ ಮನೆಯ ಸೋರುವ ಮಾಳಿಗೆ ಸರಿಮಾಡಿಸಿ, ಉಳಿದದ್ದರಲ್ಲಿ ಲೋಕಿಕೆರೆಯಲ್ಲೇ ಟ್ರ್ಯಾಕ್ಟರ್ ಮತ್ತು ಕಾರು ರಿಪೇರಿಯ ಸಣ್ಣ ಗ್ಯಾರೇಜು ಹಾಕುವ ಯೋಚನೆ ಇದೆ. ಶೆಡ್ ಅಂತೂ ತಯಾರಾಗಿದೆ. ಮೇಕೆಗಳಿಗೆ ಬೇರೆ ಜಾಗ ನೋಡಬೇಕು ಎಂದು ನಾನಿ ಈಗಲೇ ಗೊಣಗುತ್ತಿದ್ದಾರೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ